ಯುವ ವಿಜ್ಞಾನಿಗೆ ತೋಟದಲ್ಲೂ ಒಬ್ಬ ಗೈಡ್ ಬೇಕು

ನಮ್ಮ ಮೂರು ತಾಲೂಕುಗಳ ಒಳಗೆ ಮತ್ತು ಸುತ್ತಮುತ್ತ ಎಷ್ಟು ಸಂಶೋಧನಾ ಕೇಂದ್ರಗಳು ಉಂಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ. ಕಡಬ ತಾಲೂಕಿನ ನೆಟ್ಟಣದ ಹತ್ತಿರ ಕಿದು ಕೇಂದ್ರ, ಅಲ್ಲಿ ಹೊರದೇಶದ ತೆಂಗಿನ ತಳಿಗಳನ್ನೂ ಕಾಪಾಡುವ ಅಂತಾರಾಷ್ಟ್ರೀಯ ಜೀನ್ ಬ್ಯಾಂಕ್. ಪಕ್ಕದ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನೆ ನಡೆಯುತ್ತಿದೆ. ಗಡಿ ದಾಟಿ ಕಾಸರಗೋಡಿಗೆ ಹೋದರೆ ಸಿಪಿಸಿಆರ್‌ಐ ಮುಖ್ಯ ಕಚೇರಿ, 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರವೇ ಅದರ ಮೂಲ. ಎರಡು ಗಂಟೆ ಬೈಕ್ ಓಡಿಸಿದರೆ ಮುಟ್ಟುವ ದೂರದಲ್ಲಿ ಇಷ್ಟು ವಿಜ್ಞಾನ ಇರುವ ಕೃಷಿ ಪ್ರದೇಶ ನಮ್ಮ ದೇಶದಲ್ಲಿ ಹೆಚ್ಚಿಲ್ಲ.

ಈ ಕೇಂದ್ರಗಳಿಗೆ ಆಗಾಗ ಹೊಸ ಹುಡುಗ ಹುಡುಗಿಯರು ವಿಜ್ಞಾನಿಗಳಾಗಿ ಬರುತ್ತಾರೆ. ಹೆಚ್ಚಿನವರಿಗೆ ನಮ್ಮದೇ ಪ್ರಾಯ. ಅವರ ಕೆಲಸದ ಮೊದಲ ಐದು ವರ್ಷ ಹೇಗೆ ಹೋಗುತ್ತದೆ ಎಂಬುದರ ಮೇಲೆ ನಮ್ಮ ತೋಟದ ಮುಂದಿನ ಮೂವತ್ತು ವರ್ಷ ನಿಂತಿದೆ ಅಂತ ನಾನು ನಂಬಿದ್ದೇನೆ. ಆದರೆ ಆ ಐದು ವರ್ಷದಲ್ಲಿ ಅವರ ಜೊತೆ ನಾವು ಇರುವುದಿಲ್ಲ. ಇರಬೇಕು, ಇರುವುದಕ್ಕೆ ಕೈಯಲ್ಲಿರುವ ಫೋನ್ ಸಾಕು ಅಂತ ಹೇಳುವುದಕ್ಕೇ ಈ ಬರಹ.

ಅವರ ದಾರಿ ಹೇಗಿರುತ್ತದೆ

ಕೇಂದ್ರ ಸರಕಾರದ ಸಂಸ್ಥೆಯಲ್ಲಿ ಕೃಷಿ ವಿಜ್ಞಾನಿ ಆಗಬೇಕಾದರೆ ಎಆರ್‌ಎಸ್ ಎಂಬ ಅಖಿಲ ಭಾರತ ಪರೀಕ್ಷೆ ಪಾಸಾಗಬೇಕು. ಪಾಸಾದವರಿಗೆ ಹೈದರಾಬಾದಿನ ನಾರ್ಮ್ ಸಂಸ್ಥೆಯಲ್ಲಿ ಬುನಾದಿ ತರಬೇತಿ. ಅದರಲ್ಲಿ ಹಳ್ಳಿಯಲ್ಲಿ ಉಳಿಯುವ ದಿನಗಳೂ ಇವೆ, ಆದರೆ ಆ ಹಳ್ಳಿ ನಮ್ಮ ಬೆಳೆಯ ಹಳ್ಳಿಯೇ ಆಗಬೇಕೆಂದಿಲ್ಲ. ಆಮೇಲೆ ಪೋಸ್ಟಿಂಗ್. ಮಹಾರಾಷ್ಟ್ರದವರು ಇಲ್ಲಿಗೆ ಬರಬಹುದು, ಒಡಿಶಾದವರೂ ಬರಬಹುದು. ಪಿಎಚ್‌ಡಿ ಮಾಡಿದ್ದು ಭತ್ತದ ಮೇಲೋ ಟೊಮೆಟೋದ ಮೇಲೋ ಇರಬಹುದು. ಕನ್ನಡ ಗೊತ್ತಿರುವುದಿಲ್ಲ, ತುಳುವಂತೂ ಕೇಳಿಯೇ ಇರುವುದಿಲ್ಲ. ಅಡಿಕೆಮರ ಹತ್ತುವವರನ್ನು ಹುಡುಕುವುದು ಎಷ್ಟು ಕಷ್ಟ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲವಲ್ಲ ಮಾರಾಯ್ರೆ.

ಅಲ್ಲಿಂದ ಅವರ ಬಡ್ತಿಯ ಲೆಕ್ಕದಲ್ಲಿ ಸಂಶೋಧನಾ ಪ್ರಬಂಧಗಳಿಗೆ ದೊಡ್ಡ ಪಾಲು. ಯಾವ ಪತ್ರಿಕೆಯಲ್ಲಿ ಅಚ್ಚಾಯಿತು, ಆ ಪತ್ರಿಕೆಗೆ ಎಷ್ಟು ರೇಟಿಂಗ್ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ನಾನು ತಮಾಷೆ ಮಾಡುವುದಿಲ್ಲ. ಪ್ರಬಂಧ ಬರೆಯದ ವಿಜ್ಞಾನಿ ಅಂದರೆ ಅಡಿಕೆ ಸುಲಿಯದೆ ಅಂಗಳದಲ್ಲೇ ಬಿಟ್ಟ ಹಾಗೆ. ಆದರೆ ಅಡಿಕೆಯಂಥ ಬೆಳೆಯಲ್ಲಿ ಇದಕ್ಕೊಂದು ತೊಡಕು ಉಂಟು. ಗಿಡ ನೆಟ್ಟು ಫಸಲು ಕಾಣುವುದಕ್ಕೇ ಐದಾರು ವರ್ಷ. ಆಮೇಲೆ ಹಲವು ವರ್ಷದ ಇಳುವರಿ ಬರೆದಿಡಬೇಕು. ಒಂದು ತಳಿಯ ಕೆಲಸ ಶುರು ಮಾಡಿದವರು ಅದರ ಕೊನೆ ನೋಡುವ ಮೊದಲೇ ನಿವೃತ್ತರಾಗಬಹುದು, ಇಲ್ಲವೇ ವರ್ಗ ಆಗಬಹುದು. ಬೇಗ ಪ್ರಬಂಧ ಬೇಕಾದವರು ಬೇಗ ಮುಗಿಯುವ ಪ್ರಯೋಗವನ್ನೇ ಆರಿಸಿಕೊಂಡರೆ ತಪ್ಪು ಅವರದ್ದು ಮಾತ್ರ ಅನ್ನುವ ಹಾಗಿಲ್ಲ.

ಪ್ರಬಂಧದ ಕಡೆಗೆ ಸಹಾಯ ಮಾಡುವವರು ಆನ್‌ಲೈನ್‌ನಲ್ಲಿ ಈಗ ಸಾಕಷ್ಟು ಇದ್ದಾರೆ. 2007ರಲ್ಲಿ ಶುರುವಾದ ಆಥರ್‌ಏಡ್ ಎಂಬ ಕಾರ್ಯಕ್ರಮದಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಯುವ ಸಂಶೋಧಕರಿಗೆ ಅನುಭವಿ ವಿಜ್ಞಾನಿಗಳು ಇಂಟರ್‌ನೆಟ್ ಮೂಲಕವೇ ಮಾರ್ಗದರ್ಶನ ಕೊಡುತ್ತಾರೆ. ಪ್ರಬಂಧ ತಿದ್ದುವುದು, ಅರ್ಜಿ ಬರೆಯುವುದು, ಯಾವ ಪತ್ರಿಕೆಗೆ ಕಳಿಸಬೇಕು ಅಂತ ಹೇಳುವುದು. ಬೆಂಗಳೂರಿನ ಇಂಡಿಯಾಬಯೋಸೈನ್ಸ್ 2009ರಿಂದ ಯುವ ಜೀವವಿಜ್ಞಾನಿಗಳನ್ನೂ ಹಿರಿಯರನ್ನೂ ಒಂದೇ ಕಡೆ ಕೂರಿಸುವ ಸಮ್ಮೇಳನ ನಡೆಸುತ್ತಾ ಬಂದಿದೆ. ನಿಮ್ಮ ಮನೆಯಲ್ಲಿ ಎಂಎಸ್‌ಸಿ, ಪಿಎಚ್‌ಡಿ ಮಾಡುವ ತಂಗಿಯೋ ಭಾವನೋ ಇದ್ದರೆ ಈ ಎರಡು ಹೆಸರು ಇವತ್ತೇ ಹೇಳಿ. ಕೊಲ್ಲಮೊಗ್ರಿನ ಮನೆಯಿಂದ ಬಾಗಲಕೋಟೆಗೆ ಓದಲು ಹೋದ ಹುಡುಗಿಗೆ ಮನೆಯಲ್ಲಿ ದಾರಿ ಹೇಳುವ ವಿಜ್ಞಾನಿ ಮಾವ ಯಾರೂ ಇರುವುದಿಲ್ಲ. ಅಂಥವರಿಗೆ ಇದು ದೊಡ್ಡ ಆಸರೆ.

ಆದರೆ ಇವೆಲ್ಲ ಲ್ಯಾಬಿನ, ಬರವಣಿಗೆಯ ಗುರುಗಳು. ತೋಟದ ಗುರು ಎಲ್ಲಿದ್ದಾರೆ?

ತೋಟದ ಗುರು ಎಂತಕ್ಕೆ ಬೇಕು

ಅಡಿಕೆಯ ಹಳದಿ ಎಲೆ ರೋಗವನ್ನೇ ನೋಡುವ. ಕೇರಳದಲ್ಲಿ ಇದು ಮೊದಲು ಕಂಡದ್ದು 1914ರಲ್ಲಿ ಅಂತ ದಾಖಲೆ ಇದೆ. ನೂರು ವರ್ಷ ದಾಟಿತು. ಕಾರಣ ಫೈಟೋಪ್ಲಾಸ್ಮಾ ಎಂಬ ಅತಿ ಸೂಕ್ಷ್ಮ ಜೀವಿ, ಅದನ್ನು ಮರದಿಂದ ಮರಕ್ಕೆ ಒಯ್ಯುವುದು ರಸ ಹೀರುವ ಒಂದು ಜಿಗಿಹುಳ ಅಂತ ವಿಜ್ಞಾನಿಗಳು ಹೇಳಿದ್ದಾರೆ. ಗುಣಪಡಿಸುವ ಮದ್ದು ಮಾತ್ರ ಇಂದಿಗೂ ಇಲ್ಲ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ಮರ್ಕಂಜ ಕಡೆ ಹೋದರೆ ಅಡಿಕೆ ಇದ್ದ ಜಾಗದಲ್ಲಿ ರಬ್ಬರ್ ನಿಂತ ತೋಟಗಳನ್ನು ನೀವೇ ಕಾಣಬಹುದು. ಒಂದು ತಲೆಮಾರಿನ ಆದಾಯ ಅಲ್ಲಿ ಸತ್ತುಹೋಗಿದೆ.

ಈಗ ಉಳಿದ ದೊಡ್ಡ ಆಸೆ ನಿರೋಧಕ ಶಕ್ತಿ ಇರುವ ಮರಗಳ ಮೇಲೆ. ರೋಗ ಪೂರ್ತಿ ಆವರಿಸಿದ ತೋಟದ ನಡುವೆಯೂ ಒಂದೆರಡು ಮರ ಹಸಿರಾಗಿಯೇ ಉಳಿದಿರುತ್ತವೆ. ಅಂಥ ಮರಗಳನ್ನು ಗುರುತಿಸಿ, ಪರಾಗಸ್ಪರ್ಶ ಮಾಡಿಸಿ, ಎಳೆ ಹಿಂಗಾರದಿಂದ ಅಂಗಾಂಶ ಕೃಷಿಯಲ್ಲಿ ಸಸಿ ಎಬ್ಬಿಸುವ ಕೆಲಸವನ್ನು ಸಿಪಿಸಿಆರ್‌ಐ ಕೈಗೆತ್ತಿಕೊಂಡಿದೆ. ಈ ಕೆಲಸದ ಮೊದಲ ಹೆಜ್ಜೆ ಯಾರ ಕೈಯಲ್ಲಿದೆ ಯೋಚಿಸಿ. ಇವತ್ತು ಹಸಿರಾಗಿ ಕಾಣುವ ಮರ ನಿಜವಾಗಿ ರೋಗ ತಡೆದ ಮರವಾ, ಐದು ವರ್ಷ ಹಿಂದೆ ಸತ್ತ ಮರದ ಬುಡದಲ್ಲಿ ನೆಟ್ಟ ಹೊಸ ಮರವಾ? ಮಳೆಗಾಲದಲ್ಲಿ ಹಸಿರಾಗಿ ಕಂಡು ಮಳೆ ಬಿಟ್ಟ ಮೇಲೆ ತುದಿ ಹಳದಿ ತೋರಿಸುವ ಮರವಾ? ಬಣ್ಣ ಹಸಿರಿದ್ದರೂ ಒಳಗೆ ತಿರುಳು ಕಪ್ಪಾಗಿ ಬರುವ ಮರವಾ? ಇದನ್ನೆಲ್ಲ ಹೇಳಬಲ್ಲವರು ಆ ಮರದ ಕೊನೆ ತೆಗೆದು ಇಪ್ಪತ್ತು ವರ್ಷ ಅಡಿಕೆ ಸುಲಿದ ಮನೆಯವರು ಮಾತ್ರ. ಹೊಸದಾಗಿ ಬಂದ ವಿಜ್ಞಾನಿ ಒಂದು ದಿನ ಜೀಪಿನಲ್ಲಿ ಬಂದು ಹೋದರೆ ಈ ಚರಿತ್ರೆ ಸಿಗುವುದಿಲ್ಲ. ನಾವು ಹೇಳದೆ ಇದ್ದರೆ ತಪ್ಪು ಮರದ ಮೇಲೆ ಹತ್ತು ವರ್ಷ ಹೋಗುತ್ತದೆ. ಆ ಹತ್ತು ವರ್ಷ ಅವರ ವೃತ್ತಿಯದ್ದೂ ಹೌದು, ನಮ್ಮ ತೋಟದ್ದೂ ಹೌದು.

ಎಲೆಚುಕ್ಕಿಯದ್ದೂ ಇದೇ ಕತೆ. ಅದು ಯಾವ ಗುಡ್ಡದ ಬದಿಯಿಂದ ಇಳಿಯಿತು, ಯಾವ ವಾರದ ಮಳೆ ಮೋಡದಲ್ಲಿ ಜೋರಾಯಿತು, ಬಿಸಿಲು ಬೀಳುವ ತೋಟದಲ್ಲಿ ಎಷ್ಟು, ಹೊಂಡದ ತೋಟದಲ್ಲಿ ಎಷ್ಟು ಎಂಬ ವಿವರ ಕಲ್ಮಕಾರಿನ ರೈತನ ಬಾಯಲ್ಲಿದೆ. ಕಾಗದದ ಮೇಲೆ ಇಲ್ಲ.

ನೂರ ಹದಿನೈದು ವರ್ಷಕ್ಕೂ ಹಿಂದಿನ ಒಂದು ಉದಾಹರಣೆ ಕೊಡುತ್ತೇನೆ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದಾಗ ಅವರಿಗೆ ಸುಮಾರು ಮೂವತ್ತು ವರ್ಷ. ಅಡಿಕೆ ಬೆಳೆಯುವ ದೇಶದವರಲ್ಲ. ಎರಡೇ ವರ್ಷದಲ್ಲಿ, 1910ಕ್ಕೆ, ಕೊಳೆರೋಗಕ್ಕೆ ಕಾರಣ ಫೈಟೋಫ್ತೊರಾ ಎಂಬ ಶಿಲೀಂಧ್ರ ಅಂತ ತೋರಿಸಿ ಬರೆದರು. ಬೋರ್ಡೋ ದ್ರಾವಣ ನಮ್ಮ ಅಡಿಕೆಯ ಗೊನೆಗೆ ಹತ್ತಿದ್ದು ಆ ಕೆಲಸದಿಂದ. ಕೊಳೆರೋಗ ಕಾಣುವುದು ಮಳೆಗಾಲದಲ್ಲಿ, ಹಾಗಾಗಿ ಉಂಬಳ ಕಚ್ಚಿಸಿಕೊಂಡು ಮಲೆನಾಡಿನ ತೋಟದಲ್ಲಿ ನಿಲ್ಲದೆ ಆ ಕೆಲಸ ಆಗುವಂಥದ್ದಲ್ಲ. ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುವ ಉಪಾಯ ಅಲ್ಲಿನ ಬೆಳೆಗಾರರಲ್ಲಿ ಮೊದಲೇ ಇತ್ತು. ಮಳೆ ತಪ್ಪಿಸಿದರೆ ರೋಗ ತಪ್ಪುತ್ತದೆ ಎಂಬ ಅರ್ಧ ಉತ್ತರ ಅದರಲ್ಲೇ ಇದೆ. ನಾನು ಸಾವಯವದವನು, ತಾಮ್ರದ ಬಳಕೆ ಬಗ್ಗೆ ನನ್ನ ತಕರಾರು ಬೇರೆ ಉಂಟು. ಆದರೂ ಹೊರಗಿನಿಂದ ಬಂದ ಯುವ ವಿಜ್ಞಾನಿ ತೋಟಕ್ಕೆ ಇಳಿದರೆ ಎಂತ ಆಗಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

"ವಾಟ್ಸಾಪ್ ಗ್ರೂಪ್ ಉಂಟಲ್ಲ, ಸಾಲದಾ?"

ಸಾಲದು. ಗ್ರೂಪಿನಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ಒಬ್ಬರು ಎಲೆಯ ಫೋಟೋ ಹಾಕುತ್ತಾರೆ, ಹತ್ತು ಜನ ಹತ್ತು ಮದ್ದು ಹೇಳುತ್ತಾರೆ, ಮಧ್ಯದಲ್ಲಿ ಒಂದು ಗುಡ್ ಮಾರ್ನಿಂಗ್, ಸಂಜೆಗೆ ಎಲ್ಲ ಮೇಲೆ ಹೋಗಿ ಮಾಯ. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ, 1800-180-1551ಕ್ಕೆ ಕನ್ನಡದಲ್ಲೇ ಕೇಳಬಹುದು, ತುರ್ತಿಗೆ ಒಳ್ಳೆಯದೇ. ಆದರೆ ಅಲ್ಲಿ ನಾವು ಕೇಳುವವರು, ಅವರು ಹೇಳುವವರು. ಮಾತು ಒಂದೇ ದಿಕ್ಕಿಗೆ.

ನಾನು ಹೇಳುವುದು ಜೋಡಿ. ಒಬ್ಬ ಯುವ ವಿಜ್ಞಾನಿ ಅಥವಾ ಪಿಎಚ್‌ಡಿ ವಿದ್ಯಾರ್ಥಿ, ಒಬ್ಬ ಬೆಳೆಗಾರ. ಒಂದು ವರ್ಷದ ಅವಧಿ, ತಿಂಗಳಿಗೆ ಎರಡು ಸಲ ಅರ್ಧರ್ಧ ಗಂಟೆ. ತೋಟಗಾರಿಕೆ ಓದುವಾಗ ನಾವೆಲ್ಲ ಕೊನೆಯ ವರ್ಷ ರಾವೆ ಅಂತ ಹಳ್ಳಿಯಲ್ಲಿ ಉಳಿದಿದ್ದೆವು, ಒಬ್ಬೊಬ್ಬರಿಗೆ ಒಂದೊಂದು ರೈತರ ಮನೆ. ಕಾಲೇಜಿನಲ್ಲಿ ಕಲಿತದ್ದು ಎಷ್ಟೋ ಮರೆತಿದೆ, ಆ ಮನೆಯ ಅಜ್ಜ ಕಣಿ ತೆಗೆಯುವುದು ಹೇಗೆ ಅಂತ ತೋರಿಸಿದ್ದು ಮರೆತಿಲ್ಲ. ಆ ಸಂಬಂಧ ಪದವಿ ಮುಗಿದ ಕೂಡಲೇ ಕಡಿದುಹೋಗುತ್ತದೆ. ನಿಜವಾಗಿ ಬೇಕಾಗುವುದು ಕೆಲಸ ಸಿಕ್ಕಿದ ಮೇಲೆ.

ಇಂಥ ಒಂದು ಜೋಡಿಯಲ್ಲಿ ನಾನು ಎರಡು ವರ್ಷದಿಂದ ಇದ್ದೇನೆ. ಹೊರರಾಜ್ಯದ ಒಬ್ಬ ಯುವ ಸಂಶೋಧಕಿ. ಯಾವ ಸಂಸ್ಥೆಯೂ ಗಂಟು ಹಾಕಿದ್ದಲ್ಲ, ಒಂದು ಕಾರ್ಯಾಗಾರದಲ್ಲಿ ಪರಿಚಯ ಆದದ್ದು. ಅವಳು ಆಟಿ ತಿಂಗಳಲ್ಲಿ ಮರದ ತುದಿಯಿಂದ ಮಾದರಿ ತೆಗೆಯುವ ಯೋಜನೆ ಹಾಕಿದ್ದಳು. ಆ ಹೊತ್ತಿಗೆ ಕಾಂಡ ಪಾಚಿ ಹಿಡಿದು ಜಾರುತ್ತದೆ, ಮಳೆ ಬಿಟ್ಟ ಎರಡು ಗಂಟೆ ಸಿಕ್ಕಿದರೆ ಹತ್ತುವವರೆಲ್ಲ ಮದ್ದು ಬಿಡಲು ಓಡುತ್ತಾರೆ, ನಿನಗೆ ಯಾರೂ ಸಿಗಲಿಕ್ಕಿಲ್ಲ ಅಂದೆ. ದೋಟಿಯಲ್ಲಿ ತೆಗೆಯಬಹುದಾದ ಎಲೆಯಿಂದ ಶುರು ಮಾಡಿ, ತುದಿಯ ಮಾದರಿಯನ್ನು ನವರಾತ್ರಿ ಕಳೆದ ಮೇಲೆ ಇಟ್ಟುಕೊಂಡಳು. ಒಂದು ವರ್ಷದ ಪ್ರಯೋಗ ಉಳಿಯಿತು. ಅವಳಿಂದ ನನಗೆ ಸಿಕ್ಕಿದ್ದು ಕಡಿಮೆ ಇಲ್ಲ. ಯಾವ ಹೊಸ ಗೊಬ್ಬರ, ಯಾವ ಹೊಸ ಕಷಾಯ ಬಂದರೂ ಎರಡು ಸಾಲು ಮರಕ್ಕೆ ಹಾಕದೆ ಬಿಡಿ, ಆಗ ಮಾತ್ರ ಗುಣ ಯಾವುದರದ್ದು ಅಂತ ಗೊತ್ತಾಗುತ್ತದೆ ಅಂದಳು. ಈಗ ನನ್ನ ತೋಟದಲ್ಲಿ ಬಿಟ್ಟ ಸಾಲುಗಳು ಉಂಟು, ಪುಸ್ತಕದಲ್ಲಿ ನಳ್ಳಿ ಉದುರಿದ ಲೆಕ್ಕ ಉಂಟು. ಸಾವಯವದ ಬಗ್ಗೆ ನಾವಿಬ್ಬರೂ ಜಗಳ ಆಡುತ್ತೇವೆ, ಲೆಕ್ಕ ಎದುರಿಗಿಟ್ಟುಕೊಂಡು ಆಡುತ್ತೇವೆ.

ಶುರು ಮಾಡುವುದು ಹೇಗೆ

ಮೊದಲು ಜನ ಹುಡುಕಿ. ಕೇಂದ್ರಗಳ ಕ್ಷೇತ್ರೋತ್ಸವಕ್ಕೆ, ತರಬೇತಿಗೆ ಹೋದಾಗ ಸಸಿ ತೆಗೆದುಕೊಂಡು ಬರುವುದರ ಜೊತೆ ಅಲ್ಲಿ ಹೊಸದಾಗಿ ಸೇರಿದವರು ಯಾರು, ಅವರ ಕೆಲಸ ಯಾವುದರ ಮೇಲೆ ಅಂತ ಕೇಳಿ. ನಿಮ್ಮ ಬೆಳೆಯೂ ಅವರ ಕೆಲಸವೂ ಕೂಡುವ ಹಾಗಿದ್ದರೆ ಮಾತ್ರ ಮುಂದೆ ಹೋಗಿ. ಗೇರು ಇಲ್ಲದವರು ಗೇರಿನ ಟೀ ಸೊಳ್ಳೆಯ ಸಂಶೋಧಕರಿಗೆ ಹೇಳುವುದು ಎಂತ ಉಂಟು?

ಆಮೇಲೆ ಕೆಲವು ಕ್ರಮ ಇಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಉಪಯೋಗಕ್ಕೆ ಬಂದವು ಇಷ್ಟು:

• ವಿಡಿಯೋ ಕಾಲ್ ತೋಟದಿಂದಲೇ ಮಾಡಿ, ಜಗಲಿಯಲ್ಲಿ ಕೂತು ಬೇಡ. ಮಾತಿನ ನಡುವೆ "ಆ ಪಕ್ಕದ ಮರ ತೋರಿಸಿ" ಅಂತ ಅವರು ಹೇಳುವಲ್ಲೇ ಅರ್ಧ ಕಲಿಕೆ.

• ತೋಟದಲ್ಲಿ ನೆಟ್‌ವರ್ಕ್ ಸಿಗದ ಊರಾದರೆ ವಿಡಿಯೋ ತೆಗೆದಿಟ್ಟು, ಗುಡ್ಡ ಹತ್ತಿದಾಗ ಅಥವಾ ಪೇಟೆಗೆ ಹೋದಾಗ ಕಳಿಸಿ. ಉತ್ತರ ಮರುದಿನ ಬಂದರೂ ನಷ್ಟ ಇಲ್ಲ.

• ರೋಗದ ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಆಪ್ ಅದನ್ನು ಕುಗ್ಗಿಸುತ್ತದೆ, ಚುಕ್ಕಿಯ ಅಂಚು ಕಾಣುವುದಿಲ್ಲ. ಎಲೆಯ ಎರಡೂ ಬದಿ, ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ, ಮತ್ತೊಂದು ಫೋಟೋ ಇಡೀ ಮರದ್ದು.

• ಮರಕ್ಕೆ ನಂಬರ್ ಹಾಕಿ. "ಬಾವಿ ಹತ್ತಿರದ ಮರ" ಅಂದರೆ ನಿಮಗೆ ಗೊತ್ತು, ಅವರಿಗೆ ಗೊತ್ತಾಗುವುದಿಲ್ಲ. ಮುಂದೆ ಅವರ ಜಾಗಕ್ಕೆ ಬರುವವರಿಗೆ ಮೊದಲೇ ಗೊತ್ತಾಗುವುದಿಲ್ಲ.

• ವರ್ಷದ ಸುತ್ತು ಪೂರ್ತಿ ಆಗಲಿ. ಪತ್ತನಾಜೆ ಹೊತ್ತಿನ ಕಣಿ ಕೆಲಸ, ಆಟಿಯ ಕೊಳೆರೋಗ, ಮಳೆ ಬಿಟ್ಟ ಮೇಲಿನ ಹಳದಿ, ಗೇರು ಹೂ ಬಿಡುವ ಸಮಯ, ಬೇಸಗೆಯ ನೀರು. ಒಂದು ಋತು ನೋಡಿ ನಿಲ್ಲಿಸಿದರೆ ತೋಟ ಅರ್ಧ ಮಾತ್ರ ಕಂಡ ಹಾಗೆ.

• ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಹೇಳಿ, ಅವರೂ ಹಾಗೆ ಹೇಳಲಿ. ಕೇಳಿದ ಕತೆಯನ್ನು ಕಂಡದ್ದರ ಜೊತೆ ಬೆರೆಸಬೇಡಿ.

ಭಾಷೆಗೆ ಹೆದರಬೇಕಾಗಿಲ್ಲ. ಅವರ ಅರ್ಧ ಕನ್ನಡ, ನಮ್ಮ ಅರ್ಧ ಇಂಗ್ಲಿಷ್, ನಡುವೆ ಮರವೇ ನಿಂತಿರುತ್ತದೆ. ನಳ್ಳಿ, ಸುಳಿ, ಹಾಳೆ, ಕಣಿ ಎಂಬ ನಾಲ್ಕು ಶಬ್ದ ಕಲಿತ ವಿಜ್ಞಾನಿಗೆ ಮುಂದಿನ ತೋಟದ ಗೇಟು ತಾನಾಗಿ ತೆರೆಯುತ್ತದೆ.

ನಮಗೆ ಎಂತ ಲಾಭ, ಎಂತ ಎಚ್ಚರ

"ಅವರಿಗೆ ಸಂಬಳ ಉಂಟು, ನಮ್ಮ ಸಮಯಕ್ಕೆ ಬೆಲೆ ಇಲ್ಲವಾ?" ಅಂತ ಒಬ್ಬ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ನಮ್ಮ ಮರದ ಸಸಿ, ನಮ್ಮ ತಳಿಯ ಕಸಿಕಡ್ಡಿ ಕೊಡುವ ಹಂತ ಬಂದರೆ ಬಾಯಿಮಾತಿನಲ್ಲಿ ಮುಗಿಸಬೇಡಿ, ಬರಹದಲ್ಲಿ ಇರಲಿ. ತುಮಕೂರು ಜಿಲ್ಲೆಯ ಚೇಳೂರಿನ ಸಿದ್ದು ಹಲಸನ್ನು ನೆನಪಿಸಿಕೊಳ್ಳಿ. ರೈತ ಸಿದ್ದಪ್ಪನವರ ಒಂದು ಮರ ಅದು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದರ ಗುಣ ಗುರುತಿಸಿದರು, ಐಐಎಚ್‌ಆರ್ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡು ಸಸಿಯ ಆದಾಯದಲ್ಲಿ ಶೇ. 75 ಕುಟುಂಬಕ್ಕೆ ಅಂತ ನಿಗದಿ ಮಾಡಿತು. ತಳಿಗೆ ಹೆಸರೂ ಅವರದ್ದೇ. ವಿಜ್ಞಾನಿಗೂ ಹೆಸರು ಬಂತು, ರೈತನ ಮನೆಗೂ ದುಡ್ಡು ಬಂತು. ರೈತರ ತಳಿಯನ್ನು ರೈತರ ಹೆಸರಲ್ಲೇ ನೋಂದಾಯಿಸಲು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲೂ ಅವಕಾಶ ಇದೆ.

ಆದರೆ ತಿಂಗಳಿಗೆ ಒಂದು ಗಂಟೆಯ ಮಾತಿಗೆ ನಾನು ದುಡ್ಡು ಕೇಳುವುದಿಲ್ಲ. ಹಳದಿ ರೋಗದ ಉತ್ತರ ಹತ್ತು ವರ್ಷ ಮುಂಚೆ ಬಂದರೆ ಅದರ ಬೆಲೆ ಯಾವ ಗೌರವಧನಕ್ಕೂ ಸಮ ಆಗುವುದಿಲ್ಲ.

ಸಂಸ್ಥೆಗಳ ಕಡೆಗೂ ಒಂದು ಮಾತು ಹೇಳಲೇಬೇಕು. ಪ್ರಬಂಧಕ್ಕೆ ಅಂಕ ಇರುವ ಹಾಗೆ ತೋಟದ ಜೊತೆಗಿನ ಈ ಒಡನಾಟಕ್ಕೂ ಬಡ್ತಿಯ ಲೆಕ್ಕದಲ್ಲಿ ಜಾಗ ಇರಲಿ. ಹೊಸದಾಗಿ ಸೇರುವ ಪ್ರತಿಯೊಬ್ಬ ವಿಜ್ಞಾನಿಗೂ ಮೊದಲ ದಿನವೇ ಎರಡು ಬೆಳೆಗಾರರ ಹೆಸರು ಸಿಗಲಿ. ಒಬ್ಬರು ಹಳಬರು, ಇನ್ನೊಬ್ಬರು ನಮ್ಮ ಪ್ರಾಯದವರು. ವರ್ಗವಾಗಿ ಹೋಗುವವರು ಮರದ ನಂಬರ್ ಇರುವ ಪುಸ್ತಕವನ್ನು ಬರುವವರ ಕೈಗೆ ಕೊಟ್ಟು ಹೋಗಲಿ. ಇದಕ್ಕೆ ದೊಡ್ಡ ಬಜೆಟ್ ಬೇಡ, ಒಂದು ಸುತ್ತೋಲೆ ಸಾಕು.

ಅಷ್ಟರವರೆಗೆ ಕಾಯುತ್ತಾ ಕೂರುವುದೂ ಬೇಡ. ರೈತ ಹೇಳುವುದು ಬರಹಕ್ಕೆ ಬರಬೇಕು ಎಂಬುದು ಈ ಊರಿಗೆ ಹೊಸತಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆ 'ಕೃಷಿಕರ ಕೈಗೆ ಲೇಖನಿ' ಅಂತ ಹೇಳಿ ಬೆಳೆಗಾರರಿಂದಲೇ ಬರೆಸಿತು. ನಮ್ಮ ಹಿರಿಯರು ಮಣ್ಣಿನ ಕೈಯಲ್ಲಿ ಪೆನ್ನು ಹಿಡಿದರು, ಅವರು ಬರೆದದ್ದನ್ನು ವಿಜ್ಞಾನಿಗಳೂ ಓದಿದರು. ನಮ್ಮ ಕೈಯಲ್ಲಿ ಪೆನ್ನಿಗಿಂತ ಸುಲಭದ ವಸ್ತು ಇದೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ತೋಟದಲ್ಲಿ ಎಲ್ಲಕ್ಕಿಂತ ಬೇರೆಯಾಗಿ ಕಾಣುವ ಒಂದು ಮರ ಆರಿಸಿ. ಸುತ್ತಲೂ ರೋಗ ಇದ್ದೂ ಹಸಿರಾಗಿರುವ ಅಡಿಕೆಯೋ, ಪ್ರತಿ ವರ್ಷ ತಪ್ಪದೆ ಕಾಯುವ ಗೇರೋ, ಯಾವುದಾದರೂ ಆದೀತು. ಅದಕ್ಕೆ ನಂಬರ್ ಹಾಕಿ, ಮನೆಯ ಹಿರಿಯರನ್ನು ಮರದ ಬುಡಕ್ಕೆ ಕರೆದುಕೊಂಡು ಹೋಗಿ, ಅದರ ಚರಿತ್ರೆಯನ್ನು ಎರಡು ನಿಮಿಷದ ವಿಡಿಯೋದಲ್ಲಿ ಹೇಳಿಸಿ ಇಟ್ಟುಕೊಳ್ಳಿ. ಮುಂದಿನ ಸಲ ಯಾವುದೇ ಕೇಂದ್ರದ ಯುವ ವಿಜ್ಞಾನಿ ಸಿಕ್ಕಿದಾಗ "ಸರ್, ಮದ್ದು ಎಂತ?" ಅಂತ ಕೇಳುವ ಮೊದಲು ಆ ವಿಡಿಯೋ ತೋರಿಸಿ.